ಮೊದಲು ಗಂಡನ ಪರೀಕ್ಷೆ ಆಗಲಿ

ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ಮಕ್ಕಳಾಗಿಲ್ಲವೆಂದು ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯಿಂದ ಹಾಸನಕ್ಕೋ ಬೆಂಗಳೂರಿಗೋ ಹೊರಡುವ ದಂಪತಿಯ ಕೈಯಲ್ಲಿ ಒಂದು ದಪ್ಪ ಫೈಲು ಇರುತ್ತದೆ. ಅದರ ಮೇಲಿರುವುದು ಸಾಮಾನ್ಯವಾಗಿ ಹೆಂಡತಿಯ ಹೆಸರು. ಒಳಗೆ ಅವಳ ಥೈರಾಯ್ಡ್ ರಿಪೋರ್ಟು, ಹಾರ್ಮೋನ್ ರಿಪೋರ್ಟು, ಸಾಲುಸಾಲು ಸ್ಕ್ಯಾನಿಂಗ್ ಚೀಟಿ, ಗರ್ಭನಾಳಕ್ಕೆ ದ್ರವ ಬಿಟ್ಟು ತೆಗೆದ ಎಕ್ಸ್‌ರೇ, ಕೆಲವೊಮ್ಮೆ ಹೊಟ್ಟೆಗೆ ತೂತು ಮಾಡಿ ನೋಡಿದ ಲ್ಯಾಪರೋಸ್ಕೋಪಿಯ ವರದಿ. ಗಂಡನ ವೀರ್ಯ ಪರೀಕ್ಷೆಯ ಹಾಳೆ ಇದ್ದರೆ ಅದು ಎಲ್ಲಕ್ಕಿಂತ ಕೊನೆಗೆ. ಎಷ್ಟೋ ಫೈಲುಗಳಲ್ಲಿ ಅದೂ ಇರುವುದಿಲ್ಲ.

ಈ ಕ್ರಮವೇ ತಲೆಕೆಳಗು. ವೀರ್ಯ ಪರೀಕ್ಷೆಗೆ ಸೂಜಿ ಚುಚ್ಚಬೇಕಿಲ್ಲ, ಅರಿವಳಿಕೆ ಬೇಕಿಲ್ಲ, ಖರ್ಚು ಕೆಲವು ನೂರು ರೂಪಾಯಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಶೇ 17.5ರಷ್ಟು, ಅಂದರೆ ಆರು ಜನರಲ್ಲಿ ಒಬ್ಬರು, ಬದುಕಿನ ಯಾವುದೋ ಘಟ್ಟದಲ್ಲಿ ಸಂತಾನಹೀನತೆಯನ್ನು ಎದುರಿಸುತ್ತಾರೆ. ಅಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಸುಮಾರು ಐದರಲ್ಲಿ ಒಂದು ಕಡೆ ಕಾರಣ ಪೂರ್ತಿ ಅವನದೇ. ಹೀಗಿರುವಾಗ ಹೆಂಡತಿಯ ಎಲ್ಲ ಪರೀಕ್ಷೆ ಮುಗಿದ ಮೇಲೆ ಗಂಡನ ಕಡೆ ತಿರುಗುವುದೆಂದರೆ ಅವಳ ದೇಹವನ್ನು ಸುಮ್ಮನೆ ನೋಯಿಸಿದಂತೆ, ಜೊತೆಗೆ ಮರಳಿ ಸಿಗದ ಒಂದೆರಡು ವರ್ಷವನ್ನು ಕಳೆದಂತೆ.

ಮೊದಲು ಹೆಣ್ಣಿನ ಕಡೆಗೇ ಬೆರಳು ತೋರಿಸುವ ರೂಢಿ ಹಳೆಯದು. ಬೇಲೂರಿಗೆ ಹೋದವರು ಶಾಂತಲೆಯ ಕಥೆ ಕೇಳದೆ ಬರುವುದಿಲ್ಲ. ಪಟ್ಟದ ರಾಣಿಗೆ ಗಂಡು ಮಗುವಾಗಲಿಲ್ಲ, ಹೊಯ್ಸಳರ ವಂಶ ನಿಲ್ಲಬಾರದೆಂದು ಆಕೆ ಶಿವಗಂಗೆಯ ಬೆಟ್ಟದಿಂದ ಹಾರಿ ಪ್ರಾಣಬಿಟ್ಟಳು ಎಂಬುದು ಜನರ ಮಾತು. ಶಾಸನದಲ್ಲಿರುವುದು ಇಷ್ಟು: ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಕಾರಣ ಅಲ್ಲಿಲ್ಲ. ಅದನ್ನು ತುಂಬಿದವರು ನಂತರದ ಜನ; ತುಂಬುವಾಗ ಅವರಿಗೆ ಮೊದಲು ತೋಚಿದ್ದು ಹೆಣ್ಣಿನ ಬರಿದು ಮಡಿಲು.

ಹಾಗಂತ ಗಂಡಸಿನ ಸಂತಾನಹೀನತೆ ಈ ಸೀಮೆಗೆ ಅಪರಿಚಿತವೇನಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಅಭಿಮನ್ಯು ಚಕ್ರವ್ಯೂಹದೊಳಗೆ ಸಿಕ್ಕಿ ಹೋರಾಡುತ್ತಿದ್ದಾನೆ. ಅವನ ಅಜ್ಜ ಪಾಂಡುವಿಗೆ ಮಕ್ಕಳನ್ನು ಪಡೆಯುವುದು ಸಾಧ್ಯವಿರಲಿಲ್ಲ, ಕುಂತಿ ನಿಯೋಗದಿಂದ ಪಡೆದಳು. ಮಹಾಭಾರತದ ಕಥೆಯೆಲ್ಲ ಆ ಗಂಟಿನಿಂದಲೇ ಬಿಚ್ಚಿಕೊಳ್ಳುತ್ತದೆ. ಇದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪ ‘ಪರ್ವ’ದಲ್ಲಿ ದೇವತೆಗಳ ಪವಾಡವನ್ನು ಪಕ್ಕಕ್ಕಿಟ್ಟು ಪಾಂಡುವಿನ ಅಸಾಮರ್ಥ್ಯವನ್ನು ಮನುಷ್ಯನ ಸಂಕಟವಾಗಿಯೇ ಬರೆದರು. ಅದಕ್ಕೂ ಮೊದಲು, 1965ರ ‘ವಂಶವೃಕ್ಷ’ದಲ್ಲಿ, ವಂಶದ ಶುದ್ಧಿಯನ್ನೇ ನಂಬಿ ಬದುಕಿದ ಶ್ರೀನಿವಾಸ ಶ್ರೋತ್ರಿಗೆ ತಾನು ಆ ವಂಶದ ರಕ್ತವೇ ಅಲ್ಲವೆಂದು ಮುಪ್ಪಿನಲ್ಲಿ ಗೊತ್ತಾಗುತ್ತದೆ. ಗಂಡಸಿನ ಸಂತಾನಹೀನತೆ ಮನೆಯೊಳಗೆ ತಲೆಮಾರುಗಟ್ಟಲೆ ಮುಚ್ಚಿಡುವ ಗುಟ್ಟು ಎಂಬುದನ್ನು ಈ ಕಾದಂಬರಿ ಕಂಡಷ್ಟು ಹತ್ತಿರದಿಂದ ಕನ್ನಡದಲ್ಲಿ ಕಂಡ ಕೃತಿ ಕಡಿಮೆ.

ಇನ್ನೊಂದು ಸಂಗತಿ ಇದೆ. ಕೃತಕ ಗರ್ಭಧಾರಣೆ ಎಂದರೆ ಏನೆಂದು ಹಾಸನದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಡೇರಿಗೆ ಹಾಲು ಹಾಕುವ ಪ್ರತಿ ಊರಿನಲ್ಲೂ ದ್ರವ ಸಾರಜನಕದ ಕ್ಯಾನು, ವೀರ್ಯದ ಕಡ್ಡಿ ಕಂಡವರಿದ್ದಾರೆ. ಹೆಸರಘಟ್ಟದ ಕೇಂದ್ರದಲ್ಲಿ ಹೋರಿಗಳ ವೀರ್ಯ ಶೇಖರಿಸಿ ಶೈತ್ಯೀಕರಿಸುವ ಕೆಲಸ ದಶಕಗಳಿಂದ ನಡೆದಿದೆ. ಬೆದೆಗೆ ಬಂದ ಹಸುವಿಗೆ ಎರಡು ಸಲ ಕಡ್ಡಿ ಕೊಡಿಸಿದರೂ ಗಬ್ಬ ನಿಲ್ಲದಿದ್ದರೆ ರೈತ ಹಸುವನ್ನಷ್ಟೇ ದೂರುವುದಿಲ್ಲ. ಕಡ್ಡಿ ಸರಿಯಿತ್ತೇ, ಕ್ಯಾನಿನಲ್ಲಿ ಸಾರಜನಕ ಇತ್ತೇ, ಕಡ್ಡಿ ಕೊಡುವವರು ಹೊತ್ತಿಗೆ ಸರಿಯಾಗಿ ಬಂದರೇ ಎಂದೂ ವಿಚಾರಿಸುತ್ತಾನೆ. ಕೊಟ್ಟಿಗೆಯಲ್ಲಿ ಸಹಜವಾಗಿ ಬರುವ ಈ ಪ್ರಶ್ನೆ ಮನೆಯ ಪಡಸಾಲೆಯಲ್ಲಿ ಬಾಯಿಗೆ ಬರುವುದಿಲ್ಲ.

ಬಾರದಿರುವುದಕ್ಕೆ ದೊಡ್ಡ ಕಾರಣ ಒಂದು ತಪ್ಪು ತಿಳಿವಳಿಕೆ. ಗಂಡಸುತನ ಬೇರೆ, ಸಂತಾನಶಕ್ತಿ ಬೇರೆ. ವೀರ್ಯದ ಬಹುಭಾಗ ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಿಂದ ಬರುವ ದ್ರವ. ವೃಷಣದಿಂದ ಬರುವ ವೀರ್ಯಾಣುಗಳ ಪಾಲು ನೂರರಲ್ಲಿ ಐದನ್ನೂ ಮೀರುವುದಿಲ್ಲ. ಆದ್ದರಿಂದ ಒಂದೇ ಒಂದು ವೀರ್ಯಾಣು ಇಲ್ಲದವರ ದಾಂಪತ್ಯದಲ್ಲೂ ಯಾವ ಕೊರತೆ ಕಾಣದಿರಬಹುದು, ವೀರ್ಯ ಕಣ್ಣಿಗೆ ಎಂದಿನಂತೆಯೇ ಇರಬಹುದು. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವವರೆಗೆ ಡಾಕ್ಟರಿಗೂ ಗೊತ್ತಾಗುವುದಿಲ್ಲ.

ನೋಡುವುದು ಹೀಗೆ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಕೊಟ್ಟ ಮಾದರಿ ಮೊದಲು ಲೋಳೆಯಂತಿದ್ದು ಅರ್ಧ ಗಂಟೆಯೊಳಗೆ ನೀರಾಗುತ್ತದೆ. ಅದರ ಒಂದು ಹನಿಯನ್ನು ಸಣ್ಣ ಚೌಕಗಳನ್ನು ಕೊರೆದ ಗಾಜಿನ ಪಟ್ಟಿಯ ಮೇಲಿಟ್ಟು ಲ್ಯಾಬಿನವರು ಚೌಕ ಚೌಕವಾಗಿ ಎಣಿಸುತ್ತಾರೆ. ಎಷ್ಟಿವೆ, ಎಷ್ಟು ನೆಟ್ಟಗೆ ಮುಂದಕ್ಕೆ ಈಜುತ್ತಿವೆ, ಎಷ್ಟು ಇದ್ದಲ್ಲೇ ನಡುಗುತ್ತಿವೆ, ಎಷ್ಟು ಅಲುಗಾಡುತ್ತಿಲ್ಲ, ತಲೆ ಬಾಲದ ಆಕಾರ ಹೇಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಕೊಡುವ ಕೆಳಮಿತಿಗಳೆಂದರೆ ಪ್ರಮಾಣ 1.4 ಮಿಲಿಲೀಟರ್, ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಚಲನೆ ಶೇ 42, ಸರಿಯಾದ ಆಕಾರ ಶೇ 4. ನೂರರಲ್ಲಿ ನಾಲ್ಕು ಸರಿಯಿದ್ದರೂ ಸಾಕು ಎಂಬುದನ್ನು ಕಂಡು ಗಾಬರಿಯಾಗಬೇಕಿಲ್ಲ, ಗಂಡಸಿನ ದೇಹ ಇರುವುದೇ ಹಾಗೆ. ಪ್ರಯತ್ನ ಶುರುಮಾಡಿದ ಒಂದು ವರ್ಷದೊಳಗೆ ಹೆಂಡತಿ ಬಸುರಾದ ಗಂಡಸರನ್ನೇ ಪರೀಕ್ಷಿಸಿ, ಅವರಲ್ಲಿ ತೀರ ಕೆಳಗಿನ ಶೇ 5ರಷ್ಟು ಜನ ಎಲ್ಲಿ ನಿಲ್ಲುತ್ತಾರೋ ಅಲ್ಲಿ ಈ ಗೆರೆ ಎಳೆದಿದ್ದಾರೆ. ಗೆರೆಗಿಂತ ಕೆಳಗಿದ್ದವರಿಗೂ ಮಕ್ಕಳಾಗುತ್ತವೆ, ಮೇಲಿದ್ದವರಿಗೂ ತಡವಾಗಬಹುದು.

ಒಂದು ರಿಪೋರ್ಟಿನಿಂದ ತೀರ್ಮಾನಕ್ಕೆ ಬರುವುದೂ ತಪ್ಪು. ಒಂದು ವೀರ್ಯಾಣು ವೃಷಣದಲ್ಲಿ ರೂಪುಗೊಳ್ಳಲು 72 ದಿನಗಳಿಗಿಂತ ಹೆಚ್ಚು ಬೇಕು, ನಾಳದಲ್ಲಿ ಪಳಗಿ ಹೊರಬರಲು ಇನ್ನಷ್ಟು ದಿನ. ಎರಡು ತಿಂಗಳ ಹಿಂದೆ ಬಂದ ಜೋರು ಜ್ವರ ಇವತ್ತಿನ ಎಣಿಕೆಯನ್ನು ಕೆಳಗಿಳಿಸಬಹುದು. ‘ಕೌಂಟ್ ಕಮ್ಮಿ’ ಎಂದು ಬಂದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಎರಡನೆಯದೂ ಹಾಗೆಯೇ ಬಂದರೆ ಆಗ ಕಾರಣ ಹುಡುಕುವ ಕೆಲಸ.

ಹುಡುಕಾಟ ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಯಿಂದ ಶುರುವಾಗಬೇಕು. ವೃಷಣಚೀಲದ ರಕ್ತನಾಳಗಳು ಉಬ್ಬಿಕೊಳ್ಳುವ ವೆರಿಕೋಸೀಲ್ ಎಲ್ಲ ಗಂಡಸರಲ್ಲಿ ಶೇ 15ರಷ್ಟು ಜನರಿಗೆ, ಮಕ್ಕಳಾಗದ ಗಂಡಸರಲ್ಲಿ ಮೂರರಲ್ಲಿ ಒಬ್ಬರಿಗೆ ಇರುತ್ತದೆ. ವೃಷಣ ದೇಹಕ್ಕಿಂತ 2ರಿಂದ 4 ಡಿಗ್ರಿ ತಂಪಾಗಿರಬೇಕು. ಉಬ್ಬಿದ ನಾಳದಲ್ಲಿ ನಿಂತ ರಕ್ತ ಆ ತಂಪನ್ನು ಕೆಡಿಸುತ್ತದೆ. ಕೈಗೆ ಸಿಗುವಷ್ಟು ಉಬ್ಬಿದ್ದು ವೀರ್ಯವೂ ಕೆಟ್ಟಿದ್ದರೆ ಸೂಕ್ಷ್ಮದರ್ಶಕದ ಸಹಾಯದಿಂದ ಮಾಡುವ ಶಸ್ತ್ರಚಿಕಿತ್ಸೆ ಎಷ್ಟೋ ಜನರಿಗೆ ಅಂಡಾಣು, ವೀರ್ಯಾಣುಗಳನ್ನು ದೇಹದ ಹೊರಗೆ ಸೇರಿಸುವ ಐವಿಎಫ್ ಇಲ್ಲದೆಯೇ ದಾರಿ ತೆರೆಯುತ್ತದೆ. ಕೆಲವರಲ್ಲಿ ವೃಷಣಕ್ಕೆ ಕೆಲಸ ಹೇಳುವ ಮೆದುಳಿನ ಹಾರ್ಮೋನುಗಳೇ ಬರುತ್ತಿರುವುದಿಲ್ಲ. ಇವರಲ್ಲಿ ಕೆಲವರಿಗೆ ಹುಟ್ಟಿನಿಂದ ವಾಸನೆಯೂ ತಿಳಿಯದು. ತಿಂಗಳುಗಟ್ಟಲೆ ಇಂಜೆಕ್ಷನ್ ಕೊಟ್ಟರೆ ಇಂಥವರಲ್ಲಿ ಸೊನ್ನೆಯಿಂದ ವೀರ್ಯಾಣು ಕಾಣಿಸಿಕೊಳ್ಳುತ್ತವೆ. ಗಂಡಸರ ಸಂತಾನಹೀನತೆಯಲ್ಲಿ ಔಷಧದಿಂದಲೇ ಗುಣವಾಗುವ ಅಪರೂಪದ ಗುಂಪು ಇದು, ಇದನ್ನು ಗುರುತಿಸದೆ ಬಿಡುವುದು ದೊಡ್ಡ ಅನ್ಯಾಯ.

ಇದಕ್ಕೆ ತದ್ವಿರುದ್ಧ ಅಪಾಯ ಟೆಸ್ಟೋಸ್ಟೆರಾನ್ ಇಂಜೆಕ್ಷನ್. ಗಂಡಸಿನ ಹಾರ್ಮೋನ್ ಎಂದ ಮೇಲೆ ಒಳ್ಳೆಯದೇ ಆಗಬೇಕೆಂದು ಜಿಮ್ಮಿನ ಗೆಳೆಯರ ಮಾತು ಕೇಳಿ ಹಾಕಿಸಿಕೊಳ್ಳುವವರಿದ್ದಾರೆ. ಹೊರಗಿನಿಂದ ಹಾರ್ಮೋನ್ ಬಂದ ಕೂಡಲೇ ಮೆದುಳು ವೃಷಣಕ್ಕೆ ಕೊಡುವ ಆದೇಶ ನಿಲ್ಲಿಸುತ್ತದೆ, ವೀರ್ಯಾಣು ಉತ್ಪಾದನೆ ಕುಸಿಯುತ್ತದೆ. ನಿಲ್ಲಿಸಿದ ಮೇಲೆ ಸರಿಹೋಗಲು ತಿಂಗಳುಗಳು ಬೇಕು. ಇನ್ನು ಬಸ್ ನಿಲ್ದಾಣದ ಗೋಡೆಗಳಲ್ಲಿ ಕಾಣುವ ಗುಪ್ತರೋಗದ ಪೋಸ್ಟರುಗಳ ಮಾತು ಬೇಡ. ಆದರೆ ಒಳ್ಳೆಯ ಅಂಗಡಿಯಲ್ಲಿ ಬಿಲ್ಲು ಕೊಟ್ಟು ಮಾರುವ ದುಬಾರಿ ವಿಟಮಿನ್ ಮಾತ್ರೆಗಳ ಬಗ್ಗೆ ಹೇಳಲೇಬೇಕು. 2020ರಲ್ಲಿ ಅಮೆರಿಕದಲ್ಲಿ 2,370 ದಂಪತಿಗಳನ್ನು ಸೇರಿಸಿ ನಡೆಸಿದ ಪ್ರಯೋಗದ ಫಲಿತಾಂಶ ಬಂತು: ಗಂಡಂದಿರಿಗೆ ಫೋಲಿಕ್ ಆಮ್ಲ ಮತ್ತು ಸತು ಕೊಟ್ಟರೂ ಹುಟ್ಟಿದ ಮಕ್ಕಳ ಸಂಖ್ಯೆ ಹೆಚ್ಚಲಿಲ್ಲ. ಬೀಡಿ, ಸಿಗರೇಟು, ಗುಟ್ಕಾ, ಕುಡಿತ ಬಿಡುವುದರಲ್ಲಿ ಅದಕ್ಕಿಂತ ಹೆಚ್ಚು ಹುರುಳಿದೆ, ಖರ್ಚೂ ಇಲ್ಲ.

ವೀರ್ಯಾಣುಗಳ ಎಣಿಕೆ ಸ್ವಲ್ಪ ಕಡಿಮೆ ಇದ್ದಾಗ ಮಾಡುವುದು ಐಯುಐ. ವೀರ್ಯವನ್ನು ತೊಳೆದು, ಚುರುಕಾಗಿ ಈಜುವವನ್ನು ಆರಿಸಿ, ಅಂಡ ಬಿಡುಗಡೆಯಾಗುವ ಹೊತ್ತಿಗೆ ತೆಳುವಾದ ನಳಿಕೆಯಲ್ಲಿ ಗರ್ಭಕೋಶದೊಳಗೆ ಬಿಡುತ್ತಾರೆ. ನಿಮಿಷಗಳ ಕೆಲಸ, ಅಗ್ಗ; ಪ್ರತಿ ಸಲದ ಯಶಸ್ಸು ನೂರಕ್ಕೆ ಹತ್ತು ಹದಿನೈದರ ಆಸುಪಾಸು. ತೊಳೆದ ಮೇಲೆ ಉಳಿಯುವ ವೀರ್ಯಾಣು ತೀರ ಕಡಿಮೆಯಾದರೆ ಆರು, ಎಂಟು ಸಲ ಐಯುಐ ಮಾಡಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ.

ಗಂಡಸರ ಮಟ್ಟಿಗೆ ನಿಜವಾದ ತಿರುವು ಬಂದದ್ದು 1992ರಲ್ಲಿ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಜಾನ್‌ಪಿಯೆರೊ ಪಲೆರ್ಮೊ ಮತ್ತು ಸಂಗಡಿಗರು ಒಂದೇ ಒಂದು ವೀರ್ಯಾಣುವನ್ನು ಅಂಡಾಣುವಿನೊಳಕ್ಕೆ ಸೂಜಿಯಿಂದ ಸೇರಿಸಿ ಹುಟ್ಟಿಸಿದ ಮಕ್ಕಳ ವಿವರವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ಹೆಸರು ಇಕ್ಸಿ. ಅಲ್ಲಿಯವರೆಗಿನ ಐವಿಎಫ್‌ನಲ್ಲಿ ಅಂಡಾಣುವಿನ ಸುತ್ತ ಸಾವಿರಾರು ಚುರುಕಾದ ವೀರ್ಯಾಣು ಬಿಡಬೇಕಿತ್ತು. ಅಷ್ಟು ಇಲ್ಲದವರಿಗೆ ಬಾಗಿಲು ಮುಚ್ಚಿತ್ತು. ಇಕ್ಸಿಗೆ ಒಂದು ಅಂಡಾಣುವಿಗೆ ಒಂದು ಜೀವಂತ ವೀರ್ಯಾಣು ಸಾಕು.

ಲ್ಯಾಬಿನೊಳಗೆ ಈ ಕೆಲಸ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಅಂಡಾಣು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು, ವೀರ್ಯಾಣುವಿನ ತಲೆ ಅದಕ್ಕಿಂತ ಇಪ್ಪತ್ತು ಪಾಲು ಚಿಕ್ಕದು. ಮಂದವಾದ ದ್ರವದ ಹನಿಯಲ್ಲಿ ವೀರ್ಯಾಣುವಿನ ಓಟ ನಿಧಾನವಾಗುತ್ತದೆ. ಎಂಬ್ರಿಯಾಲಜಿಸ್ಟ್, ಅಂದರೆ ಭ್ರೂಣತಜ್ಞರು, ಅದರ ಬಾಲವನ್ನು ಗಾಜಿನ ಸೂಜಿಯಿಂದ ತಳಕ್ಕೆ ಒತ್ತಿ ಒಂದು ಸಲ ಎಳೆಯುತ್ತಾರೆ, ಅಲುಗಾಟ ನಿಲ್ಲುತ್ತದೆ. ಬಾಲದ ಕಡೆಯಿಂದ ಅದನ್ನು ಸೂಜಿಯೊಳಕ್ಕೆ ಹೀರಿಕೊಳ್ಳುತ್ತಾರೆ. ಇನ್ನೊಂದು ನಳಿಕೆ ಅಂಡಾಣುವನ್ನು ಮೆತ್ತಗೆ ಹಿಡಿದಿರುತ್ತದೆ. ಅಂಡಾಣುವಿನ ವರ್ಣತಂತುಗಳು ಇರುವ ಜಾಗಕ್ಕೆ ಸೂಜಿ ತಗುಲಬಾರದೆಂದು, ಅದರ ಅಂಚಿನ ಪುಟ್ಟ ಗುಂಡು ಗಡಿಯಾರದ 12 ಅಥವಾ 6ರ ಜಾಗಕ್ಕೆ ಬರುವಂತೆ ತಿರುಗಿಸಿಕೊಂಡು, 3ರ ಕಡೆಯಿಂದ ಚುಚ್ಚುತ್ತಾರೆ. ಒಳಪೊರೆ ರಬ್ಬರಿನಂತೆ ಬಾಗುತ್ತದೆ, ಹರಿಯುವುದಿಲ್ಲ; ಸ್ವಲ್ಪ ಹಿಂದಕ್ಕೆ ಹೀರಿದಾಗ ಫಕ್ಕನೆ ಬಿಟ್ಟುಕೊಡುತ್ತದೆ. ಆಗ ವೀರ್ಯಾಣುವನ್ನು ಒಳಗೆ ಬಿಟ್ಟು ಸೂಜಿ ತೆಗೆಯುತ್ತಾರೆ. ಮಾರನೆಯ ದಿನ, 16ರಿಂದ 18 ಗಂಟೆ ಕಳೆದ ಮೇಲೆ, ಅಂಡಾಣುವಿನೊಳಗೆ ಎರಡು ಪುಟ್ಟ ವೃತ್ತಗಳು ಕಂಡರೆ ತಾಯಿಯ ಪಾಲು, ತಂದೆಯ ಪಾಲು ಎರಡೂ ಸೇರಿದವೆಂದು ಲೆಕ್ಕ.

ಈ ವಿದ್ಯೆಯಲ್ಲಿ ಭಾರತ ಹಿಂದೆ ಬಿದ್ದಿರಲಿಲ್ಲ. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿ ಬ್ರೌನ್ 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಹುಟ್ಟಿದರೆ, ಅದೇ ವರ್ಷದ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ದುರ್ಗಾ ಹುಟ್ಟಿದಳು. ಸರ್ಕಾರ ಅವರನ್ನು ನಂಬಲಿಲ್ಲ, ಅವಮಾನಿಸಿತು. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಅವರ ಟಿಪ್ಪಣಿಗಳನ್ನು ಓದಿ, 1997ರಲ್ಲಿ ಮೊದಲಿಗನ ಗೌರವ ಅವರದೇ ಎಂದು ಬರೆದವರು ಡಾ. ಟಿ.ಸಿ. ಆನಂದ್ ಕುಮಾರ್. 1986ರ ಮುಂಬೈ ಪ್ರನಾಳ ಶಿಶುವಿನ ಹಿಂದಿನ ವಿಜ್ಞಾನಿ ಅವರೇ ಆಗಿದ್ದರಿಂದ ಆ ಬರಹ ತಮ್ಮ ಕಿರೀಟವನ್ನು ತಾವೇ ತೆಗೆದು ಇನ್ನೊಬ್ಬರಿಗೆ ತೊಡಿಸಿದಂತಿತ್ತು. ನಂತರದ ವರ್ಷಗಳಲ್ಲಿ ಅವರು ಬೆಂಗಳೂರಿನಲ್ಲಿ ಸಂತಾನಹೀನತೆಯ ಕ್ಲಿನಿಕ್ ನಡೆಸಿದರು. ದಕ್ಷಿಣ ಭಾರತಕ್ಕೆ ಇಕ್ಸಿ ತಂದ ಹೆಸರು ಬೆಂಗಳೂರಿನ ಡಾ. ಕಾಮಿನಿ ರಾವ್ ಅವರದು. 2014ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಎಂಬ್ರಿಯಾಲಜಿಯನ್ನೇ ಸ್ನಾತಕೋತ್ತರ ವಿಷಯವಾಗಿ ಕಲಿಸುವ ವಿಭಾಗ ಮಣಿಪಾಲದಲ್ಲಿದೆ.

ವೀರ್ಯದಲ್ಲಿ ಏನೂ ಇಲ್ಲದವರ ಪಾಡೇನು? ಮಕ್ಕಳಾಗದ ಗಂಡಸರಲ್ಲಿ ನೂರಕ್ಕೆ ಹತ್ತು ಹದಿನೈದು ಜನ ಹೀಗಿರುತ್ತಾರೆ. ದಾರಿ ಕಟ್ಟಿಕೊಂಡಿದ್ದರೆ ವೃಷಣದಿಂದ ಸೂಜಿಯಲ್ಲಿ ತೆಗೆದು ಇಕ್ಸಿ ಮಾಡಬಹುದು. ಉತ್ಪಾದನೆಯೇ ಕುಂಠಿತವಾಗಿದ್ದರೆ 1999ರಲ್ಲಿ ನ್ಯೂಯಾರ್ಕಿನ ಪೀಟರ್ ಶ್ಲೆಗೆಲ್ ವಿವರಿಸಿದ ಮೈಕ್ರೋ ಟೀಸಿ ಇದೆ. ವೃಷಣವನ್ನು ತೆರೆದು, ಇಪ್ಪತ್ತು ಪಟ್ಟು ಹಿಗ್ಗಿಸಿ ತೋರಿಸುವ ಸೂಕ್ಷ್ಮದರ್ಶಕದಡಿ ಬಡಕಲು ನಾಳಗಳ ನಡುವೆ ಎಲ್ಲಾದರೂ ಬೆಳ್ಳಗೆ ತುಂಬಿಕೊಂಡ ನಾಳವಿದೆಯೇ ಎಂದು ಗಂಟೆಗಟ್ಟಲೆ ಹುಡುಕುತ್ತಾರೆ. ಅನುಭವಿಗಳ ಕೈಯಲ್ಲಿ ಅರ್ಧದಷ್ಟು ಜನರಲ್ಲಿ ಏನಾದರೂ ಸಿಗುತ್ತದೆ. ಆದರೆ ಅದಕ್ಕೆ ಮೊದಲು ವರ್ಣತಂತುಗಳ ಪರೀಕ್ಷೆ ಆಗಲೇಬೇಕು. ವೈ ವರ್ಣತಂತುವಿನ ‘ಎ’ ಅಥವಾ ‘ಬಿ’ ಎಂದು ಗುರುತಿಸಿದ ತುಂಡು ಪೂರ್ತಿ ಕಳೆದುಹೋಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ. ‘ಸಿ’ ಕಳೆದುಹೋಗಿದ್ದರೆ ವೀರ್ಯಾಣು ಸಿಗಬಹುದು, ಆದರೆ ಹುಟ್ಟುವ ಗಂಡು ಮಗುವಿಗೂ ಅದೇ ತೊಂದರೆ ದಾಟುತ್ತದೆ. ಇದನ್ನು ಮೊದಲೇ ಬಿಡಿಸಿ ಹೇಳದ ಕ್ಲಿನಿಕ್ಕನ್ನು ನಂಬಬಾರದು.

ಕ್ಯಾನ್ಸರ್ ಚಿಕಿತ್ಸೆಗೆಂದು ಬೆಂಗಳೂರಿಗೆ ಹೋಗುವ ಹುಡುಗರ ಮನೆಯವರಿಗೆ ಒಂದು ಮಾತು: ಕೀಮೋ ವೀರ್ಯಾಣು ಉತ್ಪಾದನೆಯನ್ನು ಕೆಡಿಸಬಹುದಾದ್ದರಿಂದ ಅದು ಶುರುವಾಗುವ ಮೊದಲು ವೀರ್ಯ ಕಾಪಿಡುವ ಬಗ್ಗೆ ಡಾಕ್ಟರನ್ನು ಕೇಳಿ. ಮೈನಸ್ 196 ಡಿಗ್ರಿಯಲ್ಲಿ ಅದು ವರ್ಷಗಟ್ಟಲೆ ಕೆಡದೆ ಇರುತ್ತದೆ.

ಗಂಡನ ತೊಂದರೆಗೆ ಚಿಕಿತ್ಸೆ ಎಂದು ಕರೆದರೂ ಇಕ್ಸಿಯ ಬಹುಭಾರ ಬೀಳುವುದು ಹೆಂಡತಿಯ ಮೇಲೆ. ಹತ್ತು ಹನ್ನೆರಡು ದಿನ ಹೊಟ್ಟೆಗೆ ಇಂಜೆಕ್ಷನ್, ದಿನ ಬಿಟ್ಟು ದಿನ ಸ್ಕ್ಯಾನ್, ಅರಿವಳಿಕೆ ಕೊಟ್ಟು ಅಂಡಾಣು ತೆಗೆಯುವುದು, ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ, ಎಲ್ಲ ಅವಳದು. ಫಲಿತಾಂಶವೂ ಅವಳ ವಯಸ್ಸಿನ ಮೇಲೆ ನಿಂತಿದೆ: 35ರೊಳಗಿದ್ದರೆ ಒಂದು ಪ್ರಯತ್ನ ಫಲಿಸುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದು, 40 ದಾಟಿದರೆ ಅದು ಸರ್ರನೆ ಇಳಿಯುತ್ತದೆ. ಗಂಡ ಪರೀಕ್ಷೆಗೆ ಒಪ್ಪದೆ ಕಳೆದ ಪ್ರತಿ ವರ್ಷವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಕಡೆ, ಬೇಕಿಲ್ಲದವರಿಗೂ ಇಕ್ಸಿ ಮಾಡುವ ಚಾಳಿ ಬೆಳೆದಿದೆ. ಗಂಡನ ಎಣಿಕೆ, ಚಲನೆ ಸರಿಯಿದ್ದ 1,064 ದಂಪತಿಗಳ ಮೇಲೆ ವಿಯೆಟ್ನಾಂನಲ್ಲಿ ನಡೆದ ಪ್ರಯೋಗ 2021ರಲ್ಲಿ ತೋರಿಸಿದ್ದೇನೆಂದರೆ, ಸಾಧಾರಣ ಐವಿಎಫ್‌ಗಿಂತ ಇಕ್ಸಿಯಿಂದ ಹೆಚ್ಚು ಮಕ್ಕಳೇನೂ ಹುಟ್ಟಲಿಲ್ಲ. ‘ನಮಗೆ ಇಕ್ಸಿ ಯಾಕೆ?’ ಎಂದು ಕೇಳುವ ಹಕ್ಕು ದುಡ್ಡು ಕಟ್ಟುವವರಿಗಿದೆ.

ಯಾವುದೂ ಕೈಗೂಡದಾಗ ದಾನಿಯ ವೀರ್ಯ. ಸಂತಾನ ಚಿಕಿತ್ಸೆಯ ಕುರಿತ 2021ರ ಕಾನೂನಿನ ಪ್ರಕಾರ ದಾನಿಯ ವಯಸ್ಸು 21ರಿಂದ 55ರೊಳಗಿರಬೇಕು, ನೋಂದಾಯಿತ ಬ್ಯಾಂಕಿನ ಮೂಲಕವೇ ಬರಬೇಕು, ಒಬ್ಬ ದಾನಿಯ ವೀರ್ಯ ಒಂದಕ್ಕಿಂತ ಹೆಚ್ಚು ದಂಪತಿಗೆ ಹೋಗಬಾರದು. ಗಂಡ ಹೆಂಡತಿ ಇಬ್ಬರೂ ಬರಹದಲ್ಲಿ ಒಪ್ಪಿಗೆ ಕೊಡಬೇಕು. ಹುಟ್ಟಿದ ಮಗು ಕಾನೂನಿನ ಕಣ್ಣಿನಲ್ಲಿ ಆ ದಂಪತಿಯ ಸ್ವಂತ ಮಗು, ಆಸ್ತಿಯ ಹಕ್ಕೂ ಸೇರಿ ಎಲ್ಲ ಹಕ್ಕು ಅದಕ್ಕಿದೆ. ದಾನಿಗೆ ಯಾವುದೂ ಇಲ್ಲ. ಶ್ರೋತ್ರಿಯ ಮನೆಯಲ್ಲಿ ಎರಡು ತಲೆಮಾರನ್ನು ಕೊರೆದ ಗುಟ್ಟು ಇವತ್ತು ಸಹಿ ಮಾಡಿದ ಒಪ್ಪಿಗೆ ಪತ್ರವಾಗಿದೆ. ಮನೆಯವರ ಒತ್ತಾಯಕ್ಕೆ ಮಣಿದು ಆ ಸಹಿ ಹಾಕದಂತೆ ನೋಡಿಕೊಳ್ಳಲು ಒಳ್ಳೆಯ ಆಪ್ತಸಮಾಲೋಚಕರು ಬೇಕು.

ಚಿಕಿತ್ಸೆಯ ಮಾತಿನ ನಡುವೆ ಹೊಲ ತೋಟದ ವಿಷವನ್ನು ಮರೆಯುವಂತಿಲ್ಲ. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯ ಕಾರ್ಮಿಕರು ತಮ್ಮಲ್ಲಿ ಬಹಳಷ್ಟು ಜನರಿಗೆ ಮಕ್ಕಳಾಗುತ್ತಿಲ್ಲವೆಂದು ಮಾತಾಡಿಕೊಂಡಾಗ, ಅವರು ತಯಾರಿಸುತ್ತಿದ್ದ ಡಿಬಿಸಿಪಿ ಎಂಬ ಜಂತುನಾಶಕ ವೀರ್ಯಾಣುಗಳನ್ನು ಅಳಿಸಿಹಾಕಿರುವುದು ಪತ್ತೆಯಾಯಿತು. ನಮ್ಮ ಹತ್ತಿರದ ಉದಾಹರಣೆ ಕಾಸರಗೋಡಿನ ಕನ್ನಡ ನೆಲ ಪಡ್ರೆ. ಅಲ್ಲಿನ ಗೇರುತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. 117 ಬಾಲಕರನ್ನು ಸಿಂಪಡಣೆಯಿಲ್ಲದ ಊರಿನ 90 ಬಾಲಕರೊಂದಿಗೆ ಹೋಲಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಪಡ್ರೆಯ ಹುಡುಗರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿತ್ತು, ಹಾರ್ಮೋನುಗಳು ಏರುಪೇರಾಗಿದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ತಡೆಯಿತು. ಕಾಫಿಯ ಕಾಂಡಕೊರಕಕ್ಕೆ ಬಳಿಯುತ್ತಿದ್ದ ಲಿಂಡೇನ್ ಕೂಡ ಈಗ ನಿಷೇಧಿತ. ಬೇಲೂರಿನ ಕಾಫಿ, ಶುಂಠಿ, ಆಲೂಗಡ್ಡೆಗೆ ಬರಿಮೈಯಲ್ಲಿ ಔಷಧಿ ಹೊಡೆಯುವ ಹುಡುಗರಿಗೆ ಕೈಗವಸು, ಮುಖಗವಸು ಕೊಡಿಸುವುದು ಮಾಲೀಕರ ಹೊಣೆ.

ಇನ್ನು ದುಡ್ಡು. ಖಾಸಗಿಯಲ್ಲಿ ಒಂದು ಇಕ್ಸಿ ಪ್ರಯತ್ನ ಔಷಧಿ ಸೇರಿ ಸಾಮಾನ್ಯವಾಗಿ ಒಂದೂವರೆ ಲಕ್ಷ ದಾಟುತ್ತದೆ. ಎರಡನೆಯ ಸಲಕ್ಕೆ ಒಡವೆ, ಮೂರನೆಯದಕ್ಕೆ ತೆಂಗಿನ ತೋಟದ ಮೇಲೆ ಸಾಲ. ಆಯುಷ್ಮಾನ್ ಭಾರತ ಯೋಜನೆ ಸಂತಾನ ಚಿಕಿತ್ಸೆಯನ್ನು ಹೊರಗಿಟ್ಟಿದೆ, ಬಹುತೇಕ ಸಾಮಾನ್ಯ ಆರೋಗ್ಯ ವಿಮೆಗಳೂ ಅಷ್ಟೇ. ಗೋವಾ ವೈದ್ಯಕೀಯ ಕಾಲೇಜು 2023ರಲ್ಲಿ ಉಚಿತ ಐವಿಎಫ್ ಶುರುಮಾಡಿದ ಮೇಲೆ ಸರ್ಕಾರಿ ವ್ಯವಸ್ಥೆಯಲ್ಲಿ ಇದು ಆಗದ ಮಾತು ಎನ್ನುವಂತಿಲ್ಲ.

ಅಷ್ಟು ದೊಡ್ಡದಕ್ಕೆ ಮೊದಲು ಸಣ್ಣದೊಂದು ಆಗಬೇಕು. ಮಾದರಿಯನ್ನು ಕೊಟ್ಟ ಒಂದು ಗಂಟೆಯೊಳಗೆ, ಮೈಯ ಬಿಸಿಯಲ್ಲೇ, ಲ್ಯಾಬಿಗೆ ತಲುಪಿಸಬೇಕು. ಹಳೇಬೀಡಿನಿಂದ ಹಾಸನ ಸುಮಾರು 30 ಕಿಲೋಮೀಟರ್, ಅರಸೀಕೆರೆಯಿಂದ 45ರ ಹತ್ತಿರ. ಬಸ್ಸಿನಲ್ಲಿ ಡಬ್ಬಿ ಹಿಡಿದು ಹೋಗುವಷ್ಟರಲ್ಲಿ ಪರೀಕ್ಷೆ ಹಾಳು. ಹಾಗಾಗಿ ಮಾದರಿಯನ್ನು ಲ್ಯಾಬಿನಲ್ಲೇ ಕೊಡಬೇಕು, ಎಷ್ಟೋ ಕಡೆ ಅದಕ್ಕಿರುವುದು ಎಲ್ಲರೂ ಬಾಗಿಲು ಬಡಿಯುವ ಶೌಚಾಲಯ. ನಾಚಿಕೆಯಿಂದ ವಾಪಸು ಹೋದವರು ಮತ್ತೆ ಬರುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕ ಇದ್ದೇ ಇರುತ್ತದೆ. ಎಣಿಸಲು ತರಬೇತಿಯಾದ ಒಬ್ಬರು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ಕೈತೊಳೆಯಲು ನೀರು, ಇಷ್ಟಾದರೆ ಅರಸೀಕೆರೆ ಮತ್ತು ಬೇಲೂರಿನಲ್ಲೇ ಈ ಪರೀಕ್ಷೆ ಮುಗಿಯುತ್ತದೆ. ರಿಪೋರ್ಟು ಗಂಡನ ಹೆಸರಿನ ಫೈಲಿಗೆ ಸೇರಲಿ, ಹೆಂಡತಿಯ ಟ್ಯೂಬ್ ಟೆಸ್ಟಿಗೆ ದಿನ ಗೊತ್ತುಮಾಡುವುದು ಅದನ್ನು ನೋಡಿದ ಮೇಲೆ.